ತೊಂಬತ್ತೆರಡು ಅಂಕದ ಸಿನೆಮಾ

ನನ್ನ ಸಿನೆಮಾ ಜ್ಞಾನಕ್ಕೆಲ್ಲ ಮೂಲ ಇನ್ನೊಬ್ಬರ ಮಧ್ಯಾಹ್ನದ ನಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಪುಂಜಾಲಕಟ್ಟೆಯ ಹತ್ತಿರದ ಒಂದು ಶಾಲೆಯಲ್ಲಿ ಕನ್ನಡ ಮಾಷ್ಟ್ರಾಗಿದ್ದೆ. ಶನಿವಾರ ಬೆಳಗ್ಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಜಿ ಉಂಡು, ಬಸ್ಸು ಹಿಡಿದು, ವಾರಪತ್ರಿಕೆಗಳನ್ನು ತರಲು ಬೆಳ್ತಂಗಡಿಗೆ ಹೋಗುವುದು ನನ್ನ ಕ್ರಮ. ಆದರೆ ನಾನು ಬಸ್ಸಿನಿಂದ ಇಳಿಯುವ ಹೊತ್ತಿಗೆ ಪತ್ರಿಕೆಯ ಏಜೆಂಟರು ಅಂಗಡಿಯ ಹಲಗೆ ಹಾಕಿ, ಮನೆಗೆ ಹೋಗಿ, ಊಟ ಮುಗಿಸಿ, ಮೊದಲ ಗೊರಕೆಯಲ್ಲಿರುತ್ತಿದ್ದರು. ಅವರು ಮತ್ತೆ ಹಲಗೆ ತೆಗೆಯುವುದು ನಾಲ್ಕೂವರೆಗೆ. ಅಷ್ಟು ಹೊತ್ತು ಬಿಸಿಲಲ್ಲಿ ನಿಂತು ಏನು ಮಾಡುವುದು? ಪೇಟೆಯಲ್ಲಿ ನೆರಳು, ಫ್ಯಾನು ಮತ್ತು ಕುರ್ಚಿ ಮೂರೂ ಒಟ್ಟಿಗೆ ಸಿಗುವ ಜಾಗ ಒಂದೇ ಇತ್ತು, ಥಿಯೇಟರು. ಹಾಗೆ ಪರದೆಯ ಮೇಲೆ ಯಾವುದಿದ್ದರೆ ಅದನ್ನು ನೋಡುತ್ತ ನೋಡುತ್ತ ನಾನೊಬ್ಬ ಸಿನೆಮಾ ನೋಡುವವನಾಗಿಬಿಟ್ಟೆ.

ನೋಡುವವನಾದರೆ ತೊಂದರೆಯಿರಲಿಲ್ಲ, ಅಭಿಪ್ರಾಯ ಹೇಳುವವನೂ ಆದೆ. ಅದು ನನ್ನ ತಪ್ಪಲ್ಲ, ನಮ್ಮೂರಿನ ಬಸ್ಸು ನಿಲ್ದಾಣದ ತಪ್ಪು. ಶನಿವಾರ ಸಂಜೆ ಬಸ್ಸಿನಿಂದ ಇಳಿದರೆ ಎದುರಿಗೇ ಅನಂತ ಭಟ್ಟರ ಹೋಟೆಲು. ಭಟ್ಟರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ, "ಎಂತ ಮಾಷ್ಟ್ರೇ, ಹೇಗುಂಟು?" ಎಂದು ಕೇಳುವರು. ಮೊದಮೊದಲು ನನ್ನ ಆರೋಗ್ಯವನ್ನು ವಿಚಾರಿಸುತ್ತಿದ್ದಾರೆ ಎಂದುಕೊಂಡು ಸೊಂಟನೋವಿನ ವಿಷಯ ಹೇಳುತ್ತಿದ್ದೆ. ಅವರಿಗೆ ಬೇಕಾದದ್ದು ಸಿನೆಮಾದ ಆರೋಗ್ಯ. ಅಷ್ಟು ದೂರ ಬಸ್ಸಿನಲ್ಲಿ ಹೋಗಿ ಸಿನೆಮಾ ನೋಡಬೇಕಾದರೆ ಮೊದಲು ಒಬ್ಬ ನಂಬಿಗಸ್ತ ಮನುಷ್ಯ ಹೋಗಿ ನೋಡಿಕೊಂಡು ಬರಬೇಕು ಎಂಬುದು ಊರಿನವರ ಲೆಕ್ಕಾಚಾರ. ಹೆಣ್ಣು ನೋಡಲು ಹೋಗುವಾಗ ಮುಂಚಿತವಾಗಿ ಒಬ್ಬರನ್ನು ಕಳಿಸುವುದಿಲ್ಲವೇ, ಹಾಗೆ.

ಮಾಷ್ಟ್ರಾದವನಿಗೆ ಅಭಿಪ್ರಾಯ ಎಂದರೆ ಅಂಕ. ನಾನು ನೂರಕ್ಕೆ ಇಷ್ಟು ಎಂದು ಕೊಡತೊಡಗಿದೆ. ಮೂವತ್ತೈದಕ್ಕೆ ಪಾಸು. ನಲವತ್ತು ಬಂದರೆ ಬೆಳ್ತಂಗಡಿಯಲ್ಲಿ ಬೇರೆ ಕೆಲಸವಿದ್ದರೆ ನೋಡಬಹುದು. ಅರವತ್ತಾದರೆ ಕೆಲಸ ಹುಡುಕಿಕೊಂಡು ಹೋಗಬಹುದು. ಎಪ್ಪತ್ತೈದು ದಾಟಿದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಬೇಕು. ದರ್ಜಿಗಳು, ಕ್ಷೌರದ ಅಂಗಡಿಯವರು, ಪೋಸ್ಟ್‌ಮ್ಯಾನು ಎಲ್ಲರೂ ಈ ಪದ್ಧತಿಗೆ ಒಗ್ಗಿಕೊಂಡರು. ನನ್ನ ಹೆಂಡತಿ ಸುಮತಿ ಮಾತ್ರ, "ಮಕ್ಕಳಿಗೆ ಕೊಡಲು ಕೈ ಬರುವುದಿಲ್ಲ, ಕುಣಿಯುವವರಿಗೆ ಧಾರಾಳ" ಎನ್ನುತ್ತಿದ್ದಳು.

ನಮ್ಮ ಕಡೆಯವರಿಂದ ಪಾಸಾಗುವುದು ಸಿನೆಮಾದವರಿಗೆ ಸುಲಭವಲ್ಲ ಎಂಬುದನ್ನೂ ಹೇಳಬೇಕು. ಇಲ್ಲಿನವರು ಹುಟ್ಟಿದಾಗಿನಿಂದ ಯಕ್ಷಗಾನದ ಆಟ ನೋಡಿ ಬೆಳೆದವರು. ನಾಯಕ ರಂಗಕ್ಕೆ ಬರುವಾಗ ಒಂದು ಗತ್ತು ಬೇಕು, ಸುಮ್ಮನೆ ಬಾಗಿಲು ತೆಗೆದು ಒಳಗೆ ಬರುವವನನ್ನು ನಾಯಕ ಎಂದು ಒಪ್ಪುವುದು ಕಷ್ಟ. ಖಳನಿಗಂತೂ ಮಾತು, ಆಟದವರು ಅರ್ಥ ಎನ್ನುವುದು, ಬರಲೇಬೇಕು. ಒಮ್ಮೆ ಭಾರಿ ಪ್ರಚಾರದ ಚಿತ್ರವೊಂದು ಬಂತು. ಆರು ತಿಂಗಳಿಂದ ಗೋಡೆಗಳ ಮೇಲೆಲ್ಲ ಅದರದೇ ಪೋಸ್ಟರು. ಖಳನಾಯಕ ಗುಡ್ಡದಂಥ ಮನುಷ್ಯ, ಆದರೆ ನಗುವುದು ಬಿಟ್ಟು ಬೇರೆ ಮಾತಿಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು ಕೊನೆಗೆ ಬೇಸತ್ತು, "ಇವನಿಗೆ ಅರ್ಥ ಹೇಳಲು ಬರುವುದಿಲ್ಲ ಮಾರಾಯ್ರೆ, ಮೇಳದಿಂದ ಬಿಟ್ಟು ಬಂದವನೋ ಏನೋ" ಎಂದರು. ನಾನು ಮೂವತ್ತೆಂಟು ಕೊಟ್ಟೆ. ಅದರಲ್ಲಿ ಹತ್ತು ಅಂಕ ಪೋಸ್ಟರಿಗೆ.

ಮೂಡುಬಿದಿರೆಯಲ್ಲಿ ನನ್ನ ಮಾವನ ಮನೆ. ಅಲ್ಲಿಗೆ ಹೋದಾಗ ಒಮ್ಮೆ ಪ್ರಶಸ್ತಿ ಬಂದ ಚಿತ್ರವೊಂದು ನಡೆಯುತ್ತಿತ್ತು. ವಾರಪತ್ರಿಕೆಗಳಲ್ಲಿ ಹೊಸ ಅಲೆಯ ಸಿನೆಮಾಗಳ ಬಗ್ಗೆ ಓದಿ ಓದಿ ನನಗೆ ಬಾಯಲ್ಲಿ ನೀರೂರಿತ್ತು. ಮಾವನವರನ್ನೂ ಎಳೆದುಕೊಂಡು ಹೋದೆ. ಥಿಯೇಟರಿನಲ್ಲಿ ನಾವಿಬ್ಬರು, ಇನ್ನೊಬ್ಬರು ಮಲಗಲು ಬಂದವರು. ಪರದೆಯಲ್ಲಿ ಒಬ್ಬ ಹೆಂಗಸು ಬಾವಿಯಿಂದ ನೀರು ಸೇದಿದಳು. ಕೊಡ ಮೇಲೆ ಬಂತು. ಮತ್ತೆ ಕೆಳಗೆ ಹೋಯಿತು. ಮತ್ತೆ ಮೇಲೆ ಬಂತು. ಮಾವನವರು ಮೆಲ್ಲನೆ, "ಹಂಡೆ ತುಂಬುವವರೆಗೂ ಉಂಟೋ?" ಎಂದು ಕೇಳಿದರು. ನಾನು ಗಂಭೀರವಾಗಿ, ಅದು ಬದುಕಿನ ಏಕತಾನತೆಯ ಸಂಕೇತ ಎಂದೆ. "ಅದು ನಮ್ಮ ಮನೆಯಲ್ಲೇ ಉಂಟಲ್ಲ" ಎಂದರು. ಆ ಚಿತ್ರಕ್ಕೆ ನಾನು ಊರಿನಲ್ಲಿ ಎಪ್ಪತ್ತು ಅಂಕ ಕೊಟ್ಟೆ, ಯಾಕೆಂದರೆ ಅರ್ಥವಾಗಲಿಲ್ಲ ಎಂದು ಹೇಳಲು ಧೈರ್ಯವಿರಲಿಲ್ಲ. ಹೋಗಿ ನೋಡಿ ಬಂದ ಪೋಸ್ಟ್‌ಮ್ಯಾನು ನಾಲ್ಕು ದಿನ ನನ್ನ ಕಾಗದಗಳನ್ನು ಕೈಗೆ ಕೊಡದೆ ಜಗಲಿಯಲ್ಲಿಟ್ಟು ಹೋದರು.

ನಮ್ಮ ತುಳುವಿನಲ್ಲೇ ಸಿನೆಮಾ ಬಂದಾಗ ಮಾತ್ರ ಅಂಕಗಳ ಗೊಡವೆಯೇ ಇರಲಿಲ್ಲ. ಪರದೆಯ ಮೇಲಿನ ಹೆಂಗಸು ಗಂಡನನ್ನು ತುಳುವಿನಲ್ಲಿ ಬೈದ ಕೂಡಲೇ ಕುಳಿತವರೆಲ್ಲ ಸಂತೋಷದಿಂದ ಎದ್ದು ನಿಂತರು. ಹಿಂದಿನ ಸಾಲಿನಿಂದ ಒಬ್ಬಾಕೆ ಅವಳಿಗೆ ಇನ್ನೆರಡು ಬೈಗುಳ ಹೇಳಿಕೊಟ್ಟಳು. ಕತೆ ಏನಿತ್ತೋ ನೆನಪಿಲ್ಲ.

ಈಗ ಗಿರಿಜಕ್ಕನ ವಿಷಯಕ್ಕೆ ಬರುತ್ತೇನೆ. ನಮ್ಮ ಬಿಡಾರದಿಂದ ನಾಲ್ಕನೆಯ ಮನೆ ಅವರದು. ಅವರ ಜಗಲಿಯಲ್ಲಿ ದಿನವಿಡೀ ಅವರೂ ಸೇರಿ ಆರು ಹೆಂಗಸರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸುವ ಕೈ ಒಂದು ಕಡೆ, ಬಾಯಿ ಒಂದು ಕಡೆ. ಗಂಡ ತೀರಿಹೋಗಿದ್ದ ಗಿರಿಜಕ್ಕನಿಗೆ ಇದ್ದವನು ಒಬ್ಬನೇ ಮಗ, ಸದಾನಂದ. ಅವನು ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ಅವನ ಕಾಗದ ಬಂದರೆ ಓದಿ ಹೇಳುವವನು ನಾನು, ಉತ್ತರ ಬರೆಯುವವನೂ ನಾನು. ಆ ವರ್ಷ ಅವನ ಕಾಗದ ಬಂದು ನಾಲ್ಕು ತಿಂಗಳಾಗಿತ್ತು.

ಈ ಆರು ಮಂದಿ ವರ್ಷಕ್ಕೆ ಒಂದೇ ಒಂದು ಸಿನೆಮಾ ನೋಡುವವರು. ಮಳೆಗಾಲ ಹಿಡಿಯುವ ಮೊದಲು ಒಂದು ಆದಿತ್ಯವಾರ, ಬಂಟ್ವಾಳದಲ್ಲಿ, ಬೆಳಗ್ಗಿನ ಆಟ. ಆ ಒಂದು ಸಿನೆಮಾವನ್ನೇ ಮುಂದಿನ ವರ್ಷದ ಮಳೆಗಾಲ ಹತ್ತಿರವಾಗುವವರೆಗೆ ಜಗಲಿಯಲ್ಲಿ ಹೇಳಿ, ಕೇಳಿ, ತಿದ್ದಿ, ಜಗಳವಾಡಿ ಬಾಳಿಸಬೇಕು. ಹಾಗಾಗಿ ಯಾವುದನ್ನು ನೋಡುವುದು ಎಂಬುದು ಸಣ್ಣ ಪ್ರಶ್ನೆಯಲ್ಲ. ಎರಡು ವರ್ಷದಿಂದ ಅದನ್ನು ಅವರು ನನ್ನ ಮೇಲೆ ಹಾಕಿದ್ದರು. ಗಿರಿಜಕ್ಕನ ಷರತ್ತು ಒಂದೇ. "ಅಳು ಇರಲಿ ಮಾಷ್ಟ್ರೇ, ಅಳುವುದು ನಮಗೆ ಬೇಕು. ಆದರೆ ಮಧ್ಯದಲ್ಲಿ ಇರಲಿ, ಕೊನೆಗೆ ಬೇಡ. ಕೊನೆಗೆ ಅತ್ತರೆ ಕಣ್ಣು ಒರೆಸಲಿಕ್ಕೆ ಹೊತ್ತು ಸಿಗುವುದಿಲ್ಲ, ಬಸ್ಸಿಗೆ ಓಡಬೇಕಾಗ್ತದೆ. ಹಾಗೆ ಬಂದ ಅಳು ಮನೆವರೆಗೂ ಬರ್ತದೆ." ಇದಕ್ಕಿಂತ ಒಳ್ಳೆಯ ಕಾವ್ಯಮೀಮಾಂಸೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಆಗ ಬಂಟ್ವಾಳಕ್ಕೂ ಬೆಳ್ತಂಗಡಿಗೂ ಸೇರಿ ಹಲವು ಚಿತ್ರಗಳ ಪ್ರತಿ ಒಂದೇ ಬರುತ್ತಿತ್ತು. ಬಂಟ್ವಾಳದಲ್ಲಿ ಬೆಳಗ್ಗಿನ ಆಟ ಮುಗಿದ ರೀಲುಗಳೇ ಎರಡು ತಗಡಿನ ಪೆಟ್ಟಿಗೆಗಳಲ್ಲಿ ಬಸ್ಸಿನ ಟಾಪು ಹತ್ತಿ, ನಮ್ಮ ಪುಂಜಾಲಕಟ್ಟೆಯ ಮೇಲಾಗಿ, ಬೆಳ್ತಂಗಡಿಯ ಮಧ್ಯಾಹ್ನದ ಆಟಕ್ಕೆ ತಲುಪುತ್ತಿದ್ದವು. ಒಂದರಲ್ಲಿ ವಿರಾಮದವರೆಗಿನ ಕತೆ, ಇನ್ನೊಂದರಲ್ಲಿ ಆಮೇಲಿನದು. ಪೆಟ್ಟಿಗೆ ಹೋಯಿತು ಎಂದರೆ ನಮ್ಮೂರಿನವರಿಗೆ ಗಂಟೆ ಎಷ್ಟೆಂದು ಗೊತ್ತಾಗುತ್ತಿತ್ತು.

ಆ ವರ್ಷ ಮಳೆಗಾಲಕ್ಕೆ ಮೊದಲಿನ ಒಂದು ಶನಿವಾರ ನಾನು ಎಂದಿನಂತೆ ಬೆಳ್ತಂಗಡಿಯ ಥಿಯೇಟರಿನ ಕುರ್ಚಿಯಲ್ಲಿ ಕುಳಿತೆ. ಆಟ ಶುರುವಾಗಲು ತಡವಾಯಿತು. ಮುಂದಿನ ಅಗ್ಗದ ಬೆಂಚಿನವರು ಕಾಲಿನಿಂದ ನೆಲ ಕುಟ್ಟಿ ಕೂಗಿದ ಮೇಲೆ ದೀಪ ಆರಿತು. ದೇವರ ಪಟವಿಲ್ಲ, ಹೆಸರುಗಳಿಲ್ಲ, ಒಮ್ಮೆಲೇ ಕತೆ. ದೊಡ್ಡ ಶಹರ. ನಾಯಕನಿಗೆ ಆಗಲೇ ಮೀಸೆ, ಕೋಟು ಮತ್ತು ಶತ್ರುಗಳು. ಅವನು ಯಾರು, ಎಲ್ಲಿಂದ ಬಂದ, ಆ ಇನ್ನೊಬ್ಬನ ಮೇಲೆ ಯಾಕಷ್ಟು ಸಿಟ್ಟು, ಯಾವುದನ್ನೂ ಹೇಳುವುದಿಲ್ಲ. ನಾನು ನೆಟ್ಟಗೆ ಕುಳಿತೆ. ಪ್ರೇಕ್ಷಕನ ಬುದ್ಧಿಯ ಮೇಲೆ ಇಷ್ಟು ಗೌರವವಿಟ್ಟ ನಿರ್ದೇಶಕನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕೊನೆಗೆ ತಮ್ಮನನ್ನು ಉಳಿಸಲು ಹೋಗಿ ನಾಯಕ ಗುಂಡೇಟು ತಿಂದ. ಊರಿನಿಂದ ಬಂದ ತಾಯಿಯ ಮಡಿಲಲ್ಲಿ ಕಣ್ಣು ಮುಚ್ಚಿದ. ಪರದೆಯ ಮೇಲೆ 'ಶುಭಂ' ಎಂದು ಬಂತು. ದೀಪ ಹತ್ತಿದಾಗ ನೋಡುತ್ತೇನೆ, ಇದು ವಿರಾಮ!

ಸಾವಿನ ಎದುರಿಗೆ ಶುಭಂ ಎಂದು ಬರೆಯುವುದೆಂದರೆ ಸಾಮಾನ್ಯ ಎದೆಗಾರಿಕೆಯೇ? ವಿರಾಮ ಆವತ್ತು ಬಹಳ ಉದ್ದವಾಯಿತು. ಅದೂ ಬೇಕೆಂದೇ ಮಾಡಿದ್ದು, ಪ್ರೇಕ್ಷಕ ಮೃತ್ಯುವಿನ ಬಗ್ಗೆ ಯೋಚಿಸಲಿ ಎಂದು, ಎಂದುಕೊಂಡು ನಾನು ಎರಡು ಚಾ ಕುಡಿದು ಮೃತ್ಯುವಿನ ಬಗ್ಗೆ ಯೋಚಿಸಿದೆ. ಮತ್ತೆ ದೀಪ ಆರಿದಾಗ ಪರದೆಯ ಮೇಲೆ ದೇವರ ಪಟ, ಊದುಬತ್ತಿಯ ಹೊಗೆ, ಸೆನ್ಸಾರಿನ ಸರ್ಟಿಫಿಕೇಟು, ಆಮೇಲೆ ಹೆಸರುಗಳು. ಅರ್ಧ ಕತೆ ಹೇಳಿದ ಮೇಲೆ ತನ್ನ ಹೆಸರು ಹಾಕಿಕೊಳ್ಳುವ ಆ ವಿನಯಕ್ಕೆ ನಾನು ತಲೆಬಾಗಿದೆ. ಸತ್ತ ನಾಯಕ ಈಗ ಪುಟ್ಟ ಮಗು. ಬಡ ತಾಯಿ, ಹಳ್ಳಿ, ಹಾಡು, ಬೆಳೆದು ಯುವಕ. ನಾಳೆ ಶಹರಕ್ಕೆ ಹೊರಡಬೇಕು, ಇವತ್ತು ಮಾವಿನ ಮರ ಹತ್ತಿ ತಮ್ಮನಿಗೆ ಹಣ್ಣು ಕಿತ್ತು ಎಸೆಯುತ್ತಿದ್ದಾನೆ. ಕೆಳಗಿನಿಂದ ತಾಯಿ, "ಇಳಿ ಮಗಾ, ಊಟಕ್ಕೆ ಹೊತ್ತಾಯ್ತು" ಎನ್ನುತ್ತಾಳೆ. ಅವನು ಕೊಂಬೆಯ ಮೇಲಿಂದ ನಗುತ್ತ, "ಬಂದೆ ಅಮ್ಮಾ" ಎನ್ನುತ್ತಾನೆ. ಅಲ್ಲಿಗೆ ಚಿತ್ರ ನಿಂತು, ಪರದೆಯ ಮೇಲೆ 'ವಿರಾಮ' ಎಂಬ ಅಕ್ಷರ ಮೂಡಿತು. ಸಾವೇ ಶುಭ, ಬದುಕಿಗೆ ಕೊನೆಯೆಂಬುದಿಲ್ಲ, ಬರೀ ವಿರಾಮ! ನನ್ನ ಕಣ್ಣು ತುಂಬಿ ಬಂತು. ಬೆಂಚಿನವರು ಸಿಳ್ಳೆ ಹಾಕಿ ಮ್ಯಾನೇಜರನ್ನು ಕರೆಯುತ್ತಿದ್ದರು. ಅವರ ಅರಸಿಕತೆಗೆ ಮರುಗುತ್ತ ನಾನು ಹೊರಗೆ ಬಂದೆ.

ಆ ಸಂಜೆ ಭಟ್ಟರ ಹೋಟೆಲಿನಲ್ಲಿ ನಾನು ಮಾಡಿದ ಭಾಷಣವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹಿಂದಿನ ಲಾಕ್ಷಣಿಕರು ನಾಟಕಕ್ಕೆ ಐದು ಸಂಧಿಗಳೆಂದರು, ಮುಖದಿಂದ ಹೊರಟು ನಿರ್ವಹಣಕ್ಕೆ ಮುಟ್ಟಬೇಕೆಂದರು, ಈ ಮಹಾನುಭಾವ ನಿರ್ವಹಣದಿಂದ ಹೊರಟು ಮುಖಕ್ಕೆ ಮುಟ್ಟಿದ್ದಾನೆ ಎಂದೆ. ಕರ್ಮ, ಪುನರ್ಜನ್ಮ, ಕಾಲಚಕ್ರ ಯಾವುದನ್ನೂ ಬಿಡಲಿಲ್ಲ. ತೊಂಬತ್ತೆರಡು ಅಂಕ ಕೊಟ್ಟೆ. ಭಟ್ಟರು, "ಉಳಿದ ಎಂಟು ಯಾಕೆ ಕಡಿಮೆ?" ಎಂದು ಕೇಳಿದರು. ಅಕ್ಷರ ಸ್ಫುಟವಾಗಿರಲಿಲ್ಲ ಎಂದೆ.

ಮನೆಗೆ ಹೋಗುವ ದಾರಿಯಲ್ಲಿ ಗಿರಿಜಕ್ಕನ ಜಗಲಿ ಹತ್ತಿದೆ. "ನಾಳೆಯೇ ಹೋಗಿ. ಇಂಥದು ಇನ್ನು ಹತ್ತು ವರ್ಷ ಬರುವುದಿಲ್ಲ" ಎಂದೆ.

"ಸಾಯುವವರು ಉಂಟಾ?"

"ಉಂಟು. ಆದರೆ ಮಧ್ಯದಲ್ಲಿ. ಕೊನೆಗೆ ನಗುತ್ತ ಬರ್ತೀರಿ. ನನ್ನ ಮಾತು ನಂಬಿ ಗಿರಿಜಕ್ಕ."

ಆರು ಮೊರಗಳು ಒಟ್ಟಿಗೆ ಕೆಳಗಿಳಿದವು. ಮರುದಿನ ಬೆಳಗ್ಗೆ ಆರು ಮಂದಿ ಮಲ್ಲಿಗೆ ಮುಡಿದು ಬಂಟ್ವಾಳದ ಬಸ್ಸು ಹತ್ತುವುದನ್ನು ನಾನು ಕಿಟಕಿಯಿಂದ ನೋಡಿ ಹೆಮ್ಮೆಪಟ್ಟೆ. ಮಧ್ಯಾಹ್ನ ಅವರು ಇಳಿಯುವ ಹೊತ್ತಿಗೆ ಧನ್ಯವಾದ ಸ್ವೀಕರಿಸಲು ಸಿದ್ಧನಾಗಿ ಅಂಗಳದಲ್ಲಿ ನಿಂತಿದ್ದೆ. ಆರು ಮಂದಿಯ ಕಣ್ಣೂ ಕೆಂಪಗಿದ್ದವು. ಗಿರಿಜಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ನನ್ನ ಮುಖವನ್ನೂ ನೋಡದೆ ಹೋದರು. ಕಲೆಯ ಪರಿಣಾಮ ಇಷ್ಟು ಆಳವಾಗಿದೆಯಲ್ಲ ಎಂದು ನಾನು ಇನ್ನಷ್ಟು ಹಿಗ್ಗಿದೆ.

ಸೋಮವಾರ ಶಾಲೆಗೆ ಹೋಗುವಾಗ ಜಗಲಿ ನಿಶ್ಶಬ್ದ. ಕತ್ತರಿಯ ಸದ್ದು ಮಾತ್ರ. ಮಂಗಳವಾರವೂ ಹಾಗೆಯೇ. ಬುಧವಾರ ಸುಮತಿ ವಿಷಯ ತಿಳಿದುಕೊಂಡು ಬಂದಳು. "ನೀವೆಂತ ಹೇಳಿ ಕಳಿಸಿದ್ದು ಅವರನ್ನು? ಮಗ ಊರು ಬಿಟ್ಟು ಶಹರಕ್ಕೆ ಹೋಗಿ ಸಾಯುವ ಸಿನೆಮಾ ಅಂತೆ. ಹೆಣದ ಮೇಲೆ ಶುಭಂ ಅಂತ ಬಂತಂತೆ. ಗಿರಿಜಕ್ಕ ಮೂರು ದಿನದಿಂದ ಸರಿಯಾಗಿ ಉಣ್ಣಲಿಲ್ಲ. ಸದಾನಂದನ ಕಾಗದ ಇಲ್ಲದ ಹೊತ್ತಿನಲ್ಲಿ ನಿಮಗೆ ಅಷ್ಟೂ ಗೊತ್ತಾಗಲಿಲ್ಲವಾ?"

"ಸಾಯುವುದು ಮಧ್ಯದಲ್ಲಲ್ಲವೇ?" ಎಂದೆ.

"ಯಾವ ಊರಿನ ಮಧ್ಯ?" ಎಂದಳು.

ಉತ್ತರ ಸಿಕ್ಕಿದ್ದು ಗುರುವಾರ, ಆ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಮೋನಪ್ಪಣ್ಣನಿಂದ. ಭಟ್ಟರ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದವರು ನನ್ನ ವ್ಯಾಖ್ಯಾನವನ್ನು ಭಟ್ಟರ ಬಾಯಿಂದ ಕೇಳಿ, ಬನ್ಸ್ ಕೆಳಗಿಟ್ಟು ನಗತೊಡಗಿದರು. "ಶನಿವಾರ ಧರ್ಮಸ್ಥಳಕ್ಕೆ ಭಾರಿ ರಶ್ಶು ಮಾಷ್ಟ್ರೇ. ಬೆಳ್ತಂಗಡಿಯಲ್ಲಿ ಒಂದು ಪೆಟ್ಟಿಗೆ ಇಳಿಸಿದೆವು. ಇನ್ನೊಂದು ಹಾಸಿಗೆ ಗಂಟುಗಳ ಅಡಿಯಲ್ಲಿ ಸಿಕ್ಕಿ ಸೀದಾ ಧರ್ಮಸ್ಥಳಕ್ಕೆ ಹೋಯ್ತು. ವಾಪಸು ಬರುವಾಗ ಇಳಿಸಿದ್ದು. ಥಿಯೇಟರಿನವರಿಗೆ ಕೈಯಲ್ಲಿದ್ದದ್ದು ಎರಡನೇ ಪೆಟ್ಟಿಗೆ. ಜನ ಕೂಗಿದರು, ಅದನ್ನೇ ಹಾಕಿದರು. ಬೆಂಚಿನವರಿಗೆಲ್ಲ ಗೊತ್ತಾಗಿ ಗಲಾಟೆ ಆಯ್ತಲ್ಲ, ನೀವು ಅಲ್ಲಿ ಇರಲಿಲ್ಲವಾ?"

ನಾನು ಅಲ್ಲೇ ಇದ್ದೆ. ಕುರ್ಚಿಯಲ್ಲಿದ್ದೆ. ಇಡೀ ಥಿಯೇಟರಿನಲ್ಲಿ ಮೋಸಹೋದವನು ಓದಿಕೊಂಡವನೊಬ್ಬನೇ.

ಭಟ್ಟರು ದೊಡ್ಡ ಮನಸ್ಸಿನವರು. "ಹೊರಗೆ ಹೇಳುವುದು ಬೇಡ ಬಿಡಿ" ಎಂದು ಮೋನಪ್ಪಣ್ಣನಿಗೆ ಇನ್ನೊಂದು ಬನ್ಸ್ ಕೊಟ್ಟರು. ಸುಮ್ಮನಿದ್ದುಬಿಡುವ ಎಂದು ನನಗೂ ಅನಿಸಿತು. ಗಿರಿಜಕ್ಕನವರಿಗೆ ಕಲೆ ಅರ್ಥವಾಗಲಿಲ್ಲ ಎಂದು ಹೇಳಿ ಮರ್ಯಾದೆ ಉಳಿಸಿಕೊಳ್ಳಬಹುದಿತ್ತು. ಮೂಡುಬಿದಿರೆಯ ಬಾವಿಯ ಚಿತ್ರಕ್ಕೆ ನಾನು ಮಾಡಿದ್ದು ಅದನ್ನೇ ತಾನೇ? ಆದರೆ ಜಗಲಿಯ ಆ ಕತ್ತರಿಯ ಸದ್ದು ಮನೆಯವರೆಗೂ ಕೇಳಿಸುತ್ತಿತ್ತು. ವರ್ಷಕ್ಕೊಂದೇ ಸಿನೆಮಾ ಇದ್ದವರ ವರ್ಷವನ್ನು ನಾನು ಕೆಡಿಸಿಬಿಟ್ಟಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು.

ಆದಿತ್ಯವಾರ ಮಧ್ಯಾಹ್ನ ಹೋಗಿ ಅವರ ಜಗಲಿಯ ತುದಿಯಲ್ಲಿ ಕುಳಿತೆ. ಪೆಟ್ಟಿಗೆಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ, ಸರಿಯಾದ ಕ್ರಮದಲ್ಲಿ, ಒಪ್ಪಿಸಿದೆ. ಎರಡು ಚಾ ಕುಡಿದು ಮೃತ್ಯುವಿನ ಬಗ್ಗೆ ಯೋಚಿಸಿದ್ದನ್ನೂ ಬಿಡಲಿಲ್ಲ. "ತಪ್ಪಾಯ್ತು ಗಿರಿಜಕ್ಕ. ನನಗೆ ಗೊತ್ತಿಲ್ಲದೆ ಗೊತ್ತಿದ್ದವನ ಹಾಗೆ ಹೇಳಿದೆ" ಎಂದೆ. ಐವರು ಮೊರ ಅಲುಗುವಷ್ಟು ನಕ್ಕರು. ಹೊಗೆಸೊಪ್ಪಿನ ಪುಡಿ ಹಾರಿ ನನಗೆ ನಾಲ್ಕು ಸೀನು ಬಂದವು. ಗಿರಿಜಕ್ಕ ಮಾತ್ರ ನಗಲಿಲ್ಲ. ಒಂದು ಬೀಡಿ ಕಟ್ಟಿ, ನೂಲು ಸುತ್ತಿ, ಕೆಳಗಿಟ್ಟು ಕೇಳಿದರು.

"ನಿಮ್ಮದರಲ್ಲಿ ಅವ ಮೊದಲು ಸಾಯ್ತಾನೆ, ಆಮೇಲೆ ಬದುಕ್ತಾನಾ?"

"ಹೌದು."

"ಮತ್ತೆ ಸಾಯುವುದಿಲ್ಲವಾ?"

"ಇಲ್ಲ. ನಾನು ನೋಡಿದ್ದರಲ್ಲಿ ಇಲ್ಲ."

"ಹಾಗಾದರೆ ನೀವು ನೋಡಿದ್ದನ್ನು ಹೇಳಿ. ನಾವು ನೋಡಿದ್ದು ನಮಗೆ ಬೇಡ."

ಹಾಗೆ ನಾನು ಹೇಳಿದೆ. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಅಷ್ಟು ಕಾಳಜಿಯಿಂದ ಯಾವುದನ್ನೂ ಹೇಳಿದ್ದಿಲ್ಲ. ಶಹರ, ಕೋಟು, ಗುಂಡೇಟು, ತಾಯಿಯ ಮಡಿಲು. ಅವರೆಲ್ಲ ಅತ್ತರು, ಆದರೆ ಮಧ್ಯದ ಅಳು, ಒರೆಸಿಕೊಳ್ಳಲು ಹೊತ್ತಿತ್ತು. ಉದ್ದದ ವಿರಾಮವನ್ನೂ ಕೊಟ್ಟೆ, ಗಿರಿಜಕ್ಕ ಎದ್ದು ಹೋಗಿ ಬೆಲ್ಲ ನೀರು ತಂದರು. ಆಮೇಲೆ ದೇವರ ಪಟದಿಂದ ಹಿಡಿದು ಹಾಡುಗಳನ್ನೂ ಬಿಡದೆ ಹೇಳುತ್ತ ಹೇಳುತ್ತ ಮಾವಿನ ಮರದವರೆಗೆ ಬಂದೆ. ನಾಳೆ ಶಹರಕ್ಕೆ ಹೊರಡಬೇಕಾದ ಹುಡುಗ ಕೊಂಬೆಯ ಮೇಲೆ ಕುಳಿತು ನಗುತ್ತಿದ್ದಾನೆ. ತಾಯಿ ಕೆಳಗಿನಿಂದ ಊಟಕ್ಕೆ ಕರೆಯುತ್ತಾಳೆ. ಅವನು "ಬಂದೆ ಅಮ್ಮಾ" ಎನ್ನುತ್ತಾನೆ.

ನಾನು ನಿಲ್ಲಿಸಿದೆ. ಅಲ್ಲಿಗೆ ಮುಗಿಯಿತು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗಿರಿಜಕ್ಕ ಮೊರದಿಂದ ಇನ್ನೊಂದು ಎಲೆ ಎತ್ತಿಕೊಂಡರು. ಆ ವಾರದಲ್ಲಿ ಮೊದಲ ಸಲ ಅವರ ಮುಖ ಸಡಿಲವಾಗಿತ್ತು.

"ಅಲ್ಲಿಗೇ ಬಿಡಿ ಮಾಷ್ಟ್ರೇ" ಎಂದರು. "ಅನ್ನ ತಣ್ಣಗಾದರೆ ಆಗಲಿ. ಅವ ಇಳಿಯುವುದು ಬೇಡ."